ಸಸಿಯಿಂದ ಬಿಲ್ಲಿನವರೆಗೆ: ಲೈಸೆನ್ಸ್ ಇರುವ ಗಾಂಜಾ ತೋಟ, ಅಂಗಡಿಗಳ ದಾಸ್ತಾನು ಲೆಕ್ಕ ಇಡುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಪಡೆದು ಬೆಳೆಸುವ ಪ್ರತಿ ದೊಡ್ಡ ಗಾಂಜಾ ಗಿಡದ ಬುಡಕ್ಕೂ ಒಂದು ಪ್ಲಾಸ್ಟಿಕ್ ಪಟ್ಟಿ, ಅಂದರೆ ಟ್ಯಾಗ್, ಸುತ್ತಿರುತ್ತಾರೆ. ಅದರ ಮೇಲೆ 24 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಪಟ್ಟಿಯೊಳಗೆ ರೇಡಿಯೊ ಅಲೆಯಿಂದ ಓದಬಹುದಾದ ಆರ್‌ಎಫ್‌ಐಡಿ ಚಿಪ್ ಇರುತ್ತದೆ. ಆ ಗುರುತು ಬೇರೆ ಯಾವ ಗಿಡಕ್ಕೂ ಇಲ್ಲ, ಒಮ್ಮೆ ಬಳಸಿದ ಮೇಲೆ ಮತ್ತೆ ಯಾವ ಗಿಡಕ್ಕೂ ಸಿಗುವುದಿಲ್ಲ. ಗಿಡ ಕೊಯ್ಲಾಗಿ, ಹೂ ಒಣಗಿ, ಡಬ್ಬಿಗೆ ಹೋಗಿ, ಅಂಗಡಿಯಲ್ಲಿ ಮಾರಾಟವಾಗುವವರೆಗೆ ಈ ಲೆಕ್ಕದ ಎಳೆ ಎಲ್ಲೂ ತುಂಡಾಗಬಾರದು. ಈ ಎಳೆ ಕಾಯುವುದೇ ದಾಸ್ತಾನು ನೋಡಿಕೊಳ್ಳುವವರ ಕೆಲಸ.

ನಾನು ಈ ಕೆಲಸವನ್ನು ತೋಟದಲ್ಲೂ ಮಾಡಿದ್ದೇನೆ, ಅಂಗಡಿಯಲ್ಲೂ ಮಾಡಿದ್ದೇನೆ. ತಂತ್ರಾಂಶ ಕಲಿಯಲು ಒಂದು ವಾರ ಸಾಕು. ಕಷ್ಟ ಇರುವುದು ಬೇರೆ ಕಡೆ. ಈ ಬೆಳೆ ಪ್ರತಿ ಹಂತದಲ್ಲೂ ತೂಕ ಕಳೆದುಕೊಳ್ಳುತ್ತದೆ. ನೀರು ಆರುತ್ತದೆ, ಎಲೆ ಕಸವಾಗುತ್ತದೆ, ಲ್ಯಾಬಿಗೆ ಸ್ವಲ್ಪ ಹೋಗುತ್ತದೆ, ಡಬ್ಬಿ ತುಂಬುವಾಗ ಕೈ ಸ್ವಲ್ಪ ಧಾರಾಳವಾಗುತ್ತದೆ. ಕಡಿಮೆಯಾದ ಪ್ರತಿ ಗ್ರಾಮಿಗೂ ಒಂದು ಹೆಸರು, ಒಂದು ತಾರೀಖು ಇರಬೇಕು. ಹೆಸರಿಲ್ಲದೆ ಕಡಿಮೆಯಾದ ಮಾಲು ಎಂದರೆ ಲೈಸೆನ್ಸ್ ಕೊಡುವ ಇಲಾಖೆಯ ಕಣ್ಣಿಗೆ ಕಳ್ಳದಾರಿ ಹಿಡಿದ ಮಾಲು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ಮಾತಿನ ಸುತ್ತ ಇವೆ.

ಮೊದಲು ಎರಡು ಎಚ್ಚರಿಕೆ

ಇದು ಭಾರತಕ್ಕೆ ಅನ್ವಯಿಸುವ ವಿಷಯವಲ್ಲ. ಅಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಕರ್ನಾಟಕದಲ್ಲಿ ಕೂತು ಇದನ್ನು ಓದುವವರು ಬೇರೆ ದೇಶದ ಒಂದು ವ್ಯಾಪಾರ ಹೇಗೆ ನಡೆಯುತ್ತದೆ ಅಂತ ತಿಳಿಯಲು ಓದಿ.

ಎರಡನೆಯದು ಅಮೆರಿಕದಲ್ಲಿರುವ ನಮ್ಮವರಿಗೆ. ರಾಜ್ಯ ಒಪ್ಪಿದ್ದರೂ ಕೇಂದ್ರ ಕಾನೂನಿನಲ್ಲಿ ಇದು ಇನ್ನೂ ನಿಯಂತ್ರಿತ ವಸ್ತು. ವಲಸೆಯ ವಿಷಯ ನೋಡಿಕೊಳ್ಳುವುದು ಕೇಂದ್ರ. ಈ ಉದ್ಯಮದಲ್ಲಿ ಕೆಲಸ ಮಾಡಿದ್ದು ಪೌರತ್ವದ ಅರ್ಜಿಗೆ ಅಡ್ಡ ಬರಬಹುದು, ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಅಷ್ಟೇ, ಅಂತ 2019ರ ಏಪ್ರಿಲ್‌ನಲ್ಲಿ ವಲಸೆ, ಪೌರತ್ವದ ಅರ್ಜಿ ನೋಡುವ ಕೇಂದ್ರ ಸಂಸ್ಥೆ ಯುಎಸ್‌ಸಿಐಎಸ್ ಬರೆದೇ ಹೇಳಿತು. ಎಚ್-1ಬಿ ಮೇಲೆ ಇರುವವರು, ಗ್ರೀನ್ ಕಾರ್ಡ್ ಇರುವವರು ಮೊದಲು ವಲಸೆ ವಕೀಲರ ಹತ್ತಿರ ಕೂತು ಮಾತಾಡಿ. ಲೆಕ್ಕ ಬರೆಯುವ ಕೆಲಸ ಮಾತ್ರ, ಗಿಡ ಮುಟ್ಟುವುದಿಲ್ಲ ಅನ್ನುವ ಸಮಾಧಾನ ಇಲ್ಲಿ ಸಾಲದು.

ಇಷ್ಟೊಂದು ಲೆಕ್ಕ ಯಾಕೆ?

ಕೊಲೊರಾಡೊದಲ್ಲಿ 2014ರ ಜನವರಿ 1ರಂದು ವಯಸ್ಕರಿಗೆ ಅಂಗಡಿ ಮಾರಾಟ ಶುರುವಾಯಿತು. ಅದಕ್ಕೆ ಕೆಲವು ತಿಂಗಳ ಮೊದಲು, 2013ರ ಆಗಸ್ಟ್ 29ರಂದು, ಕೇಂದ್ರ ನ್ಯಾಯ ಇಲಾಖೆಯ ಜೇಮ್ಸ್ ಕೋಲ್ ಒಂದು ಟಿಪ್ಪಣಿ ಹೊರಡಿಸಿದ್ದರು. ಮಾಲು ಮಕ್ಕಳ ಕೈಗೆ ಹೋಗಬಾರದು, ಹಣ ಅಪರಾಧಿಗಳ ಗುಂಪಿಗೆ ಹೋಗಬಾರದು, ಮಾಲು ಪಕ್ಕದ ರಾಜ್ಯಕ್ಕೆ ಹರಿಯಬಾರದು ಎಂಬಂಥ ವಿಷಯಗಳಿಗೆ ಕೇಂದ್ರ ಮೊದಲ ಗಮನ ಕೊಡುತ್ತದೆ ಅನ್ನುವುದು ಅದರ ಸಾರ. ಇದನ್ನೆಲ್ಲ ತಡೆಯುತ್ತಿದ್ದೇವೆ ಅಂತ ತೋರಿಸಲು ರಾಜ್ಯಗಳಿಗೆ ಗಟ್ಟಿ ಲೆಕ್ಕ ಬೇಕಿತ್ತು. 2018ರ ಜನವರಿಯಲ್ಲಿ ಆಗಿನ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಆ ಟಿಪ್ಪಣಿಯನ್ನು ವಾಪಸ್ ಪಡೆದರು. ಆದರೆ ಲೆಕ್ಕದ ಪದ್ಧತಿ ಅಷ್ಟರಲ್ಲಿ ಬೇರು ಬಿಟ್ಟಿತ್ತು. ಅದೇ ತಿಂಗಳು ಕ್ಯಾಲಿಫೋರ್ನಿಯಾದಲ್ಲೂ ಅಂಗಡಿ ಮಾರಾಟ ಶುರುವಾಯಿತು. ಈ ಎರಡೂ ರಾಜ್ಯ ಬಳಸುವುದು 'ಮೆಟ್ರ್ಕ್' ಎಂಬ ಲೆಕ್ಕದ ತಂತ್ರಾಂಶ. ಬಾಯಲ್ಲಿ ಎಲ್ಲರೂ 'ಮೆಟ್ರಿಕ್' ಅಂತಲೇ ಅನ್ನುತ್ತಾರೆ. ಕೆನಡಾ 2018ರ ಅಕ್ಟೋಬರ್‌ನಲ್ಲಿ ಇಡೀ ದೇಶಕ್ಕೆ ಅನುಮತಿ ಕೊಟ್ಟಾಗ ತಿಂಗಳಿಗೊಂದು ವರದಿಯ ದಾರಿ ಹಿಡಿಯಿತು. ಅಲ್ಲಿ ಗಿಡಗಿಡಕ್ಕೂ ಚಿಪ್ ಇಲ್ಲ.

ಈ ಯೋಚನೆ ಅಮೆರಿಕದವರೇ ಮೊದಲು ಮಾಡಿದ್ದು ಅಂದುಕೊಳ್ಳಬೇಡಿ. ಬ್ರಿಟಿಷರ ಕಾಲದ ಬಂಗಾಳದಲ್ಲಿ, ರಾಜಶಾಹಿ ಜಿಲ್ಲೆಯ ನವಗಾಂವ್ ಸುತ್ತ, ಲೈಸೆನ್ಸ್ ಇರುವ ರೈತರು ಮಾತ್ರ ಗಾಂಜಾ ಬೆಳೆಯುತ್ತಿದ್ದರು. ಬೆಳೆದ ಮಾಲು ಸರಕಾರಿ ಗೋಲಾ, ಅಂದರೆ ಗೋದಾಮು ಸೇರುತ್ತಿತ್ತು. ಪರವಾನಗಿ ಪಡೆದ ವ್ಯಾಪಾರಿ ಪಾಸ್ ತೋರಿಸಿ, ತೂಕ ಮಾಡಿಸಿ ಒಯ್ಯುತ್ತಿದ್ದ. 1893-94ರ ಭಾರತೀಯ ಹೆಂಪ್ ಡ್ರಗ್ಸ್ ಆಯೋಗದ ವರದಿಯಲ್ಲಿ ಇದರ ವಿವರ ಇದೆ. ನವಗಾಂವ್ ಈಗ ಬಾಂಗ್ಲಾದೇಶದಲ್ಲಿದೆ. ತೂಕ, ಪಾಸ್, ಗೋದಾಮು: ಇವತ್ತಿನ ಪದ್ಧತಿಯ ಎಲುಬು ಆಗಲೇ ಇತ್ತು.

ಮುಂದಿನ ಹಂತಗಳೆಲ್ಲ ಕ್ಯಾಲಿಫೋರ್ನಿಯಾದವು. ಅಲ್ಲಿ 2021ರ ಜುಲೈಯಿಂದ ಡಿಪಾರ್ಟ್‌ಮೆಂಟ್ ಆಫ್ ಕ್ಯಾನಬಿಸ್ ಕಂಟ್ರೋಲ್ ಎಂಬ ಒಂದೇ ಇಲಾಖೆ ಎಲ್ಲ ನೋಡಿಕೊಳ್ಳುತ್ತದೆ. ಬೇರೆ ರಾಜ್ಯದಲ್ಲಿ ಅಂಕಿಗಳು ಬದಲಾಗುತ್ತವೆ, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಮೊದಲ ಸಸಿಗೂ ಮೊದಲು

ಲೈಸೆನ್ಸ್ ಪಡೆದವರು ಒಬ್ಬರನ್ನು ಅಕೌಂಟ್ ಮ್ಯಾನೇಜರ್ ಅಂತ ಹೆಸರಿಸಬೇಕು. ಅವರು ತರಬೇತಿ ಮುಗಿಸಿದ ಮೇಲೆ ಖಾತೆ ತೆರೆಯುತ್ತದೆ. ಪ್ರತಿ ಕೆಲಸಗಾರನಿಗೂ ಅವನದೇ ಲಾಗಿನ್ ಮಾಡಿಕೊಡಿ. ಒಂದೇ ಪಾಸ್‌ವರ್ಡ್ ನಾಲ್ಕು ಜನ ಬಳಸಿದರೆ ನಾಳೆ ಯಾರು ಏನು ಬರೆದರು ಅಂತ ಪತ್ತೆಯೇ ಆಗುವುದಿಲ್ಲ. ನಿಯಮವೂ ಅದನ್ನು ಒಪ್ಪುವುದಿಲ್ಲ. ಕೆಲಸ ಬಿಟ್ಟವರ ಲಾಗಿನ್ ಅದೇ ದಿನ ಮುಚ್ಚಿ.

ಆಮೇಲೆ ಕೋಣೆಗಳಿಗೆ ಹೆಸರಿಡಿ. ಸಣ್ಣ ಕೆಲಸ ಅನಿಸುತ್ತದೆ, ಅಲ್ವಾ? ಆದರೆ ಗೋಡೆ ಮೇಲೆ 'ಹೂ ಕೋಣೆ 2' ಅಂತ ಬರೆದು ತಂತ್ರಾಂಶದಲ್ಲಿ 'ರೂಮ್ ಬಿ' ಅಂತ ಇಟ್ಟರೆ ಮೂರು ತಿಂಗಳಲ್ಲಿ ಗೊಂದಲ ಶುರು. ಗೋಡೆಯ ಹೆಸರು, ಪರದೆಯ ಹೆಸರು ಒಂದೇ ಇರಲಿ. ತಳಿಯ ಹೆಸರಿಗೂ ಇದೇ ಮಾತು. ಒಂದು ತಳಿಯನ್ನು ಮೂರು ಥರ ಬರೆಯಬೇಡಿ.

ತಕ್ಕಡಿ ವಿಷಯದಲ್ಲಿ ಮಾತ್ರ ಕಂಜೂಸಿ ಬೇಡ. ವ್ಯಾಪಾರಕ್ಕೆ ಒಪ್ಪಿಗೆ ಪಡೆದ, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ತೂಕ-ಅಳತೆ ಅಧಿಕಾರಿ ಪರೀಕ್ಷಿಸಿ ಮುದ್ರೆ ಹಾಕಿದ ತಕ್ಕಡಿಯೇ ಬೇಕು. ದೊಡ್ಡ ತೂಕಕ್ಕೆ ಒಂದು, ಗ್ರಾಮಿನ ಲೆಕ್ಕಕ್ಕೆ ಇನ್ನೊಂದು. ಪಕ್ಕದಲ್ಲಿ ಒಂದು 5 ಕೆ.ಜಿ.ಯ ಪರೀಕ್ಷೆಯ ತೂಕದ ಕಲ್ಲು ಸದಾ ಇರಲಿ. ಅದು ಯಾಕೆ ಅಂತ ಕೊಯ್ಲಿನ ಹಂತದಲ್ಲಿ ಹೇಳುತ್ತೇನೆ.

ಹಂತ 2: ಸಸಿಗಳ ಲಾಟ್

ಹೆಚ್ಚಿನ ತೋಟಗಳಲ್ಲಿ ಬೀಜ ಹಾಕುವುದು ಕಡಿಮೆ. ತಾಯಿಗಿಡದಿಂದ ಕಡ್ಡಿ ಕತ್ತರಿಸಿ ಬೇರು ಬರಿಸುತ್ತಾರೆ, ನಮ್ಮಲ್ಲಿ ಗುಲಾಬಿಗೆ ಮಾಡುವ ಹಾಗೆ. ಹೂ ಬಿಡದ ಈ ಸಸಿಗಳಿಗೆ ಒಂದೊಂದು ಟ್ಯಾಗ್ ಬೇಕಿಲ್ಲ. ಒಂದೇ ತಳಿಯ 100 ಸಸಿಗಳವರೆಗೆ ಒಂದು ಲಾಟ್, ಒಂದು ಲಾಟಿಗೆ ಒಂದು ಟ್ಯಾಗ್. ಲಾಟಿನ ಸಸಿಗಳು ಒಂದರ ಪಕ್ಕ ಒಂದು ಇರಬೇಕು, ಪ್ರತಿ ಸಸಿ ಮೇಲೂ ಲಾಟಿನ ಅಂಕಿ ಇರಬೇಕು.

ಇಲ್ಲಿ ಜನ ಮರೆಯುವುದು ಸತ್ತ ಸಸಿಗಳನ್ನು. ಬೇರು ಬರದೆ ಕೊಳೆತ ಕಡ್ಡಿಯನ್ನು ಸುಮ್ನೆ ಕಿತ್ತು ಬುಟ್ಟಿಗೆ ಎಸೆಯುತ್ತಾರೆ. ಸಂಜೆ ಲೆಕ್ಕದಲ್ಲಿ 100, ತಟ್ಟೆಯಲ್ಲಿ 93. ನಾನು ಮಾಡುವುದು ಹೀಗೆ: ಪ್ರತಿ ತಟ್ಟೆಗೂ ಒಂದು ಸಣ್ಣ ಚೀಟಿ ಅಂಟಿಸುತ್ತೇನೆ. ಸಸಿ ಕಿತ್ತವರು ಅಲ್ಲೇ ಪೆನ್ಸಿಲಿನಲ್ಲಿ ಗೀಟು ಹಾಕಬೇಕು. ಸಂಜೆ ನಾಲ್ಕಕ್ಕೆ ಚೀಟಿ ನೋಡಿ ತಂತ್ರಾಂಶಕ್ಕೆ ಹಾಕುತ್ತೇನೆ. ನಿಯಮದ ಪ್ರಕಾರ ಯಾವ ಘಟನೆಯನ್ನೂ 24 ಗಂಟೆಯೊಳಗೆ ದಾಖಲಿಸಬೇಕು. ಚೀಟಿ ಇದ್ದರೆ ಆ ಗಡುವು ಭಾರ ಅನಿಸುವುದಿಲ್ಲ.

ಹಂತ 3: ಟ್ಯಾಗ್ ಕಟ್ಟುವ ದಿನ

ಗಿಡ ಹೂ ಬಿಡಲು ಶುರುಮಾಡಿದಾಗ, ಅಥವಾ ಹೂ ಬಿಡುವ ಜಾಗಕ್ಕೆ ಅದನ್ನು ಸಾಗಿಸಿದಾಗ, ಅದಕ್ಕೆ ಸ್ವಂತ ಟ್ಯಾಗ್ ಬರುತ್ತದೆ. ಬುಡದ ಹತ್ತಿರ ಮುಖ್ಯ ಕಾಂಡಕ್ಕೆ ಕಟ್ಟಬೇಕು. ಕಣ್ಣಿಗೆ ಕಾಣಬೇಕು, ಮಣ್ಣು ಮೆತ್ತಿಕೊಳ್ಳಬಾರದು. ಕೊಯ್ಯುವವರೆಗೆ ಅಥವಾ ಗಿಡ ನಾಶ ಮಾಡುವವರೆಗೆ ಬಿಚ್ಚುವಂತಿಲ್ಲ.

ಇಬ್ಬರು ಸೇರಿ ಮಾಡುವ ಕೆಲಸ ಇದು. ಒಬ್ಬರು ಕಟ್ಟುತ್ತಾ ಕೊನೆಯ ಐದು ಅಂಕಿ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಟ್ಯಾಗ್‌ಗಳು ಕ್ರಮವಾಗಿ ಬರುತ್ತವೆ, ಆ ಕ್ರಮ ಕೆಡಿಸಬೇಡಿ. ಬಾಗಿಲ ಎಡಗಡೆಯಿಂದ ಶುರುಮಾಡಿ ಸಾಲುಸಾಲಾಗಿ ಹೋಗಿ. ಮುಂದೆ ಒಂದು ಗಿಡ ಹುಡುಕಬೇಕಾದಾಗ ನೇರ ಆ ಜಾಗಕ್ಕೆ ನಡೆಯಬಹುದು. ಕೈ ತಪ್ಪಿ ಟ್ಯಾಗ್ ಮುರಿದರೆ ಬುಟ್ಟಿಗೆ ಹಾಕಬೇಡಿ. ಆ ಅಂಕಿಯನ್ನೂ ರದ್ದು ಅಂತ ದಾಖಲಿಸಬೇಕು.

ಗಿಡ ಮಧ್ಯದಲ್ಲಿ ಸತ್ತರೆ ಅಥವಾ ರೋಗ ಬಂದು ಕಿತ್ತರೆ, ಯಾವ ಟ್ಯಾಗ್, ಯಾಕೆ, ಕಸದ ತೂಕ ಎಷ್ಟು ಅಂತ ಬರೆಯಿರಿ.

ಹಂತ 4: ಕೊಯ್ಲು

ಇಡೀ ಸರಪಳಿಯಲ್ಲಿ ಅತಿ ಮುಖ್ಯ ದಿನ ಇದು. ಇಲ್ಲಿ ಬರೆದ ಹಸಿ ತೂಕವೇ ಮುಂದಿನ ಎಲ್ಲ ಲೆಕ್ಕದ ತಾಯಿ. ಇಲ್ಲಿ ತಪ್ಪಿದರೆ ಮುಂದೆ ಸರಿಮಾಡಲು ದಾರಿಯೇ ಇಲ್ಲ, ಯಾಕೆಂದರೆ ಎರಡು ವಾರದ ನಂತರ ಆ ಹಸಿ ಗಿಡ ಇರುವುದಿಲ್ಲ.

ಒಂದು ಕೊಯ್ಲಿನ ಬ್ಯಾಚ್ ಎಂದರೆ ಒಂದೇ ತಳಿ, ಒಂದೇ ಸಲ ಕೊಯ್ದದ್ದು. ಬ್ಯಾಚಿನ ಹೆಸರಿನಲ್ಲೇ ತಳಿ ಮತ್ತು ಶುರುವಿನ ತಾರೀಖು ಸೇರಿಸಿ. ಆಮೇಲೆ ಕ್ರಮ ಹೀಗೆ. ಗಿಡ ಕತ್ತರಿಸುವವರು ಟ್ಯಾಗ್ ಸಮೇತ ತಕ್ಕಡಿಗೆ ತರುತ್ತಾರೆ. ತೂಗುವವರು ಟ್ಯಾಗ್ ಸ್ಕ್ಯಾನ್ ಮಾಡುತ್ತಾರೆ, ತೂಕ ಓದುತ್ತಾರೆ. ಮೂರನೆಯವರು ಬರೆಯುತ್ತಾರೆ. ತೂಕ ದಾಖಲಾದ ಮೇಲೆ ಮಾತ್ರ ಗಿಡ ಒಣಗಿಸುವ ಕೋಣೆಗೆ ಹೋಗುತ್ತದೆ. ಟ್ಯಾಗ್ ಪ್ರತ್ಯೇಕ ಪೆಟ್ಟಿಗೆಗೆ ಬೀಳುತ್ತದೆ. ಸಂಜೆ ಪೆಟ್ಟಿಗೆಯಲ್ಲಿರುವ ಟ್ಯಾಗ್ ಎಣಿಸಿದರೆ ಪಟ್ಟಿಯ ಸಾಲುಗಳಿಗೆ ಸಮ ಬರಬೇಕು.

ಒಂದು ಸಲ ಏನಾಯಿತು ಹೇಳುತ್ತೇನೆ. ಗಿಡಗಳನ್ನು ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟು ತೂಗುತ್ತಿದ್ದೆವು. ತೊಟ್ಟಿಯ ತೂಕ 600 ಗ್ರಾಂ. ಬೆಳಗ್ಗೆ ಖಾಲಿ ತೊಟ್ಟಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದಿದ್ದೆ. ಮಧ್ಯಾಹ್ನ ಒಂದು ಕ್ಷಣ ಕರೆಂಟ್ ಹೋಗಿ ಬಂತು. ತಕ್ಕಡಿ ಮತ್ತೆ ಶುರುವಾದಾಗ ಆ ಸೊನ್ನೆ ಅಳಿಸಿಹೋಗಿತ್ತು, ಯಾರೂ ನೋಡಲಿಲ್ಲ. ಆಮೇಲೆ ತೂಗಿದ 31 ಗಿಡಗಳಿಗೂ ತೊಟ್ಟಿಯ ತೂಕ ಸೇರಿಕೊಂಡಿತು. ಒಟ್ಟು 18.6 ಕೆ.ಜಿ. ಇಲ್ಲದ ಮಾಲು ಪುಸ್ತಕಕ್ಕೆ ಬಂತು. ಒಣಗಿಸಿ ಮುಗಿಸುವಾಗ ತೇವಾಂಶದ ನಷ್ಟ ಎಂದಿಗಿಂತ ಜಾಸ್ತಿ ಕಂಡಿತು. ಅದರ ಮೂಲ ಹುಡುಕಲು ಇಡೀ ದಿನದ ಕ್ಯಾಮೆರಾ ದೃಶ್ಯ ನೋಡಬೇಕಾಯಿತು. ಇಲಾಖೆಗೆ ವಿವರಣೆ ಬರೆಯುವಾಗ ಕೈ ನಡುಗಿತ್ತು.

ಅಂದಿನಿಂದ ಪ್ರತಿ 20 ಗಿಡಕ್ಕೊಮ್ಮೆ ಖಾಲಿ ತೊಟ್ಟಿ ಇಡುತ್ತೇನೆ, ಸೊನ್ನೆ ತೋರಿಸಬೇಕು. ಅದರೊಳಗೆ 5 ಕೆ.ಜಿ. ತೂಕದ ಕಲ್ಲು ಇಡುತ್ತೇನೆ, 5 ತೋರಿಸಬೇಕು. ಎರಡೂ ಸರಿ ಇದ್ದರೆ ಸಹಿ, ಸಮಯ. ಒಂದು ನಿಮಿಷದ ಕೆಲಸ. ಕರೆಂಟ್ ಹೋಗಿ ಬಂದರೆ ಎಣಿಕೆ ಎಷ್ಟೇ ಆಗಿರಲಿ, ಮತ್ತೆ ಮೊದಲು ಇದೇ.

ಹಂತ 5: ಒಣಗಿದ ಮೇಲೆ ಲೆಕ್ಕ ಕೂಡಿಸುವುದು

ನಮ್ಮ ಮನೆಯಲ್ಲಿ ಅಡಿಕೆ ತೋಟ ಇತ್ತು. ಹಸಿ ಅಡಿಕೆ 100 ಕೆ.ಜಿ. ಕೊಯ್ದರೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಸುಮಾರು 12-13 ಕೆ.ಜಿ. ಕೂರುತ್ತಿತ್ತು. ಅಪ್ಪನ ಪುಸ್ತಕದಲ್ಲಿ ಪ್ರತಿ ಕೊಯ್ಲಿಗೂ ಹಸಿ, ಒಣ ಎರಡೂ ಅಂಕಿ ಇರುತ್ತಿದ್ದವು. ಒಂದು ಕೊಯ್ಲಿಗೆ ಹತ್ತೇ ಕೂತರೆ ಅಪ್ಪ ಅಂಗಳದಲ್ಲಿ ನಿಂತು, ಇದು ಯಾಕೆ ಹೀಗಾಯಿತು ಅಂತ ಕೇಳುತ್ತಿದ್ದರು. ಕಾಫಿಯವರು ಔಟ್‌ಟರ್ನ್, ಅಂದರೆ ಎಷ್ಟು ಕಾಫಿಗೆ ಎಷ್ಟು ಬೀಜ ಕೂತಿತು ಅಂತ ನೋಡುವುದೂ ಇದೇ ಲೆಕ್ಕ. ಈ ಕೆಲಸಕ್ಕೆ ಸೇರಿದಾಗ ನನಗೆ ಅತಿ ಬೇಗ ಅರ್ಥವಾದ ಹಂತ ಇದು.

ಹಸಿ ಗಾಂಜಾ ಗಿಡದ ತೂಕದಲ್ಲಿ ಮುಕ್ಕಾಲು ಭಾಗ ನೀರೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. 80 ಗಿಡ ಕೊಯ್ದಿರಿ, ಒಟ್ಟು ಹಸಿ ತೂಕ 96 ಕೆ.ಜಿ. ಅದು ಹೀಗೆ ಹಂಚಿಹೋಗುತ್ತದೆ:

- ಕೊಯ್ದ ದಿನವೇ ತೆಗೆದ ದೊಡ್ಡ ಎಲೆಗಳು, ಕಸ: 21.40 ಕೆ.ಜಿ.
- ಒಣಗಿದ ಮೇಲೆ ಬಿಡಿಸಿದ ಹೂ: 9.20 ಕೆ.ಜಿ.
- ಹೂ ಸುತ್ತಲಿನ ಸಣ್ಣ ಎಲೆ, ಅಂದರೆ ಟ್ರಿಮ್: 4.10 ಕೆ.ಜಿ.
- ಒಣ ಕಾಂಡ, ಕಡ್ಡಿ, ಕಸ: 4.60 ಕೆ.ಜಿ.
- ಉಳಿದದ್ದು ಆರಿದ ನೀರು: 56.70 ಕೆ.ಜಿ.

ಎಲ್ಲ ಕೂಡಿಸಿದರೆ ಸರಿಯಾಗಿ 96. ಕೊಯ್ಲನ್ನು 'ಮುಗಿಯಿತು' ಅಂತ ಮುಚ್ಚಿದ ತಕ್ಷಣ ಮೆಟ್ರ್ಕ್ ಉಳಿದ ತೂಕವನ್ನೆಲ್ಲ ತೇವಾಂಶದ ನಷ್ಟ ಅಂತ ತಾನೇ ಬರೆದುಕೊಳ್ಳುತ್ತದೆ. ಅಪಾಯ ಇರುವುದು ಇಲ್ಲೇ. ನೀವು ಬರೆಯಲು ಮರೆತ ಕಸ, ತೂಗಲು ಮರೆತ ಒಂದು ಚೀಲ ಹೂ, ಕಳುವಾದ ಮಾಲು, ಎಲ್ಲವೂ ನೀರಿನ ಹೆಸರಲ್ಲಿ ಸೇರಿಹೋಗುತ್ತವೆ. ಹಾಗಾಗಿ ಮುಚ್ಚುವ ಗುಂಡಿ ಒತ್ತುವ ಮೊದಲು ಕೈಯಲ್ಲೇ ಲೆಕ್ಕ ಹಾಕಿ. ಮೇಲಿನ ಉದಾಹರಣೆಯಲ್ಲಿ ಒಣಗಲು ಹಾಕಿದ್ದು 74.60 ಕೆ.ಜಿ., ಆರಿದ್ದು 56.70. ಶೇಕಡಾ 76. ನಿಮ್ಮ ತೋಟದಲ್ಲಿ ಆ ತಳಿ, ಆ ಕೋಣೆಗೆ ಪ್ರತಿ ಸಲ ಎಷ್ಟು ಬರುತ್ತದೆ ಅಂತ ಒಂದು ಪಟ್ಟಿ ಇಡಿ. ಎಂದೂ 75-77 ಬರುವ ಕಡೆ ಒಂದು ಸಲ 82 ಬಂದರೆ ಮುಚ್ಚಬೇಡಿ. ಹುಡುಕಿ.

ಕಸವನ್ನು ತೂಗದೆ ಹೊರಗೆ ಬಿಡಬಾರದು. ಇಡೀ ದಿನದ ಕಸವನ್ನು ಅಂದಾಜಿನಲ್ಲಿ ಬರೆಯುವವರನ್ನು ನೋಡಿದ್ದೇನೆ. ಅಂದಾಜು ಬರೆದ ಅಂಕಿಗೆ ಕೊನೆಯಲ್ಲಿ ಯಾವಾಗಲೂ ಸೊನ್ನೆ ಇರುತ್ತದೆ: 20, 30, 50. ತಪಾಸಣೆಗೆ ಬಂದವರು ಅದನ್ನು ನೋಡಿದ ಕೂಡಲೇ ಗುರುತಿಸುತ್ತಾರೆ. ಕಸದ ಪೆಟ್ಟಿಗೆಗೆ ಬೀಗ ಇರಲಿ, ಅದರ ಮೇಲೆ ಕ್ಯಾಮೆರಾ ಇರಲಿ.

ಹಂತ 6: ಪ್ಯಾಕೇಜ್, ಆಮೇಲೆ ಲ್ಯಾಬ್

ಒಣ ಹೂ ಚೀಲ ಅಥವಾ ತೊಟ್ಟಿ ಸೇರಿದಾಗ ಅದಕ್ಕೆ ಹೊಸ ಟ್ಯಾಗ್ ಬರುತ್ತದೆ. ಗಿಡದ್ದು ಕಟ್ಟುವ ಪಟ್ಟಿ, ಇದು ಅಂಟಿಸುವ ಚೀಟಿ. ತಂತ್ರಾಂಶದಲ್ಲಿ ಈ ಪ್ಯಾಕೇಜ್ ಯಾವ ಕೊಯ್ಲಿನ ಮಗು ಅಂತ ಜೋಡಣೆ ಆಗುತ್ತದೆ. ಈ ಪ್ಯಾಕೇಜನ್ನು ಮತ್ತೆ ಹಂಚಿದರೆ ಮಗುವಿಗೆ ಮಕ್ಕಳು. ಈ ತಾಯಿ-ಮಗು ಸಂಬಂಧ ಎಲ್ಲೂ ಕಡಿದುಹೋಗಬಾರದು. ಎರಡು ಕೊಯ್ಲಿನ ಮಾಲನ್ನು ಒಂದೇ ಚೀಲಕ್ಕೆ ಸುರಿಯುವ ಅಭ್ಯಾಸ ಎಷ್ಟೇ ಅನುಕೂಲ ಅನಿಸಿದರೂ ಬೇಡ.

ಮಾರಾಟಕ್ಕೆ ಹೋಗುವ ಮೊದಲು ಲ್ಯಾಬ್ ಪರೀಕ್ಷೆ ಕಡ್ಡಾಯ. ಡಿಸ್ಟ್ರಿಬ್ಯೂಟರ್, ಅಂದರೆ ತೋಟದಿಂದ ಅಂಗಡಿಗೆ ಮಾಲು ತಲುಪಿಸುವವರ ಜಾಗದಲ್ಲಿ ಮಾಲು ಇಟ್ಟಿರುತ್ತಾರೆ, ಲ್ಯಾಬಿನವರೇ ಬಂದು ಮಾದರಿ ತೆಗೆಯುತ್ತಾರೆ, ಅದೆಲ್ಲ ಕ್ಯಾಮೆರಾದಲ್ಲಿ ದಾಖಲಾಗುತ್ತದೆ. ಹೂವಿನ ಒಂದು ಬ್ಯಾಚ್ 50 ಪೌಂಡ್ ಮೀರುವಂತಿಲ್ಲ, ಅಂದರೆ ಸುಮಾರು 22.7 ಕೆ.ಜಿ. ಮಾದರಿಯ ತೂಕ ಬ್ಯಾಚಿನ ಶೇಕಡಾ 0.35. ನಮ್ಮ 9.20 ಕೆ.ಜಿ.ಗೆ 32.2 ಗ್ರಾಂ. ಕೀಟನಾಶಕ, ಭಾರಲೋಹ, ಬೂಷ್ಟಿನ ವಿಷ, ಸೂಕ್ಷ್ಮಜೀವಿ, ತೇವಾಂಶ ಎಲ್ಲ ನೋಡುತ್ತಾರೆ. ಫಲಿತಾಂಶ ಬರುವವರೆಗೆ ಆ ಮಾಲನ್ನು ಬೇರೆ ಮಾಲಿನ ಜೊತೆ ಬೆರೆಸಬೇಡಿ. ಪಾಸಾದ ಮಾಲಿಗೂ 12 ತಿಂಗಳ ಗಡುವು ಇದೆ. ಅಷ್ಟರಲ್ಲಿ ಮಾರಾಟವಾಗದಿದ್ದರೆ ಮತ್ತೆ ಪರೀಕ್ಷೆ.

ಈಗ ಉಳಿದದ್ದು 9,167.8 ಗ್ರಾಂ. ಅದನ್ನು 3.5 ಗ್ರಾಮಿನ ಡಬ್ಬಿಗಳಿಗೆ ತುಂಬುತ್ತೀರಿ. ಯಾರೂ ಸರಿಯಾಗಿ 3.5 ತುಂಬುವುದಿಲ್ಲ. ಕಡಿಮೆ ಬಿದ್ದರೆ ತಪ್ಪು, ಹಾಗಾಗಿ 3.55 ತುಂಬುತ್ತಾರೆ. 2,582 ಡಬ್ಬಿ ಆಗುತ್ತವೆ. ಪುಸ್ತಕದಲ್ಲಿ 2,582 ಡಬ್ಬಿ ಎಂದರೆ 9,037 ಗ್ರಾಂ. 130.8 ಗ್ರಾಂ ಎಲ್ಲಿ ಹೋಯಿತು? ಸುಮಾರು 129 ಗ್ರಾಂ ಡಬ್ಬಿಯೊಳಗೆ ಹೆಚ್ಚುವರಿಯಾಗಿ ಹೋಯಿತು, ಉಳಿದ ಒಂದೂ ಮುಕ್ಕಾಲು ಗ್ರಾಂ ಮೇಜಿನ ಮೇಲಿನ ಪುಡಿ. ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು. ಪ್ರತಿ 50 ಡಬ್ಬಿಗೆ ಒಂದನ್ನು ತೂಗಿ ನಿಜವಾಗಿ ಎಷ್ಟು ತುಂಬುತ್ತಿದೆ ಅಂತ ಗುರುತಿಟ್ಟರೆ ಈ ವ್ಯತ್ಯಾಸಕ್ಕೆ ಆಧಾರ ಇರುತ್ತದೆ.

ಹಂತ 7: ಸಾಗಣೆ

ಒಂದು ಲೈಸೆನ್ಸ್ ಜಾಗದಿಂದ ಇನ್ನೊಂದಕ್ಕೆ ಮಾಲು ಹೋಗಬೇಕಾದರೆ ಮೊದಲು ತಂತ್ರಾಂಶದಲ್ಲಿ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪಟ್ಟಿ, ಮಾಡಬೇಕು. ವಾಹನ, ಚಾಲಕ, ಹೊರಡುವ ಸಮಯ, ತಲುಪುವ ಅಂದಾಜು ಸಮಯ, ಪ್ರತಿ ಪ್ಯಾಕೇಜಿನ ಟ್ಯಾಗ್ ಮತ್ತು ಪ್ರಮಾಣ ಅದರಲ್ಲಿರುತ್ತವೆ. ಒಯ್ಯುವವರಿಗೂ ಡಿಸ್ಟ್ರಿಬ್ಯೂಟರ್ ಲೈಸೆನ್ಸ್ ಬೇಕು. ತಲುಪಿದ ಕಡೆ ಎಣಿಸದೆ ಸಹಿ ಹಾಕಬೇಡಿ. ಚಾಲಕರಿಗೆ ಅವಸರ ಇರುತ್ತದೆ, ಇರಲಿ. 'ಸ್ವೀಕರಿಸಿದೆ' ಅಂತ ಒತ್ತಿದ ಮೇಲೆ ಆ ಕೊರತೆ ನಿಮ್ಮದು.

ಹಂತ 8: ಅಂಗಡಿ

ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯವರು ಬಿಡಿ ಹೂ ತೂಗಿ ಕೊಡುವಂತಿಲ್ಲ. ಮಾಲು ಮೊದಲೇ ಪ್ಯಾಕ್ ಆಗಿ ಬರುತ್ತದೆ, ಹಾಗಾಗಿ ಅಂಗಡಿಯ ಲೆಕ್ಕ ಡಬ್ಬಿಗಳ ಲೆಕ್ಕ. ಕೊಳ್ಳುವವರಿಗೆ 21 ವರ್ಷ ತುಂಬಿರಬೇಕು. ವೈದ್ಯರ ಶಿಫಾರಸು ಇದ್ದರೆ 18. ಒಬ್ಬ ವಯಸ್ಕರಿಗೆ ದಿನಕ್ಕೆ 28.5 ಗ್ರಾಂ ಹೂ, 8 ಗ್ರಾಂ ಸಾರ ತೆಗೆದು ಗಟ್ಟಿ ಮಾಡಿದ ಮಾಲಿನವರೆಗೆ ಮಾರಬಹುದು. ಮಾರಾಟದ ಸಮಯ ಬೆಳಗ್ಗೆ 6ರಿಂದ ರಾತ್ರಿ 10. ಬಿಲ್ಲಿಂಗ್ ಯಂತ್ರ ಪ್ರತಿ ಮಾರಾಟವನ್ನೂ ಮೆಟ್ರ್ಕ್‌ಗೆ ಕಳಿಸುತ್ತದೆ. ಕಳಿಸಿತೋ ಇಲ್ಲವೋ ಅಂತ ದಿನಾ ನೋಡಬೇಕಾದವರು ನೀವು. ರಾತ್ರಿ ಅಂಗಡಿ ಮುಚ್ಚುವಾಗ ಬಿಲ್ಲಿಂಗ್ ಯಂತ್ರದಲ್ಲಿರುವ ಬಿಲ್ಲುಗಳ ಸಂಖ್ಯೆ, ಮೆಟ್ರ್ಕ್‌ನಲ್ಲಿರುವ ಸಂಖ್ಯೆ ಎರಡೂ ಒಂದು ಪುಸ್ತಕದಲ್ಲಿ ಬರೆದಿಡಿ.

ಅಂಗಡಿಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಒಂದೇ ಬ್ರ್ಯಾಂಡು, ಒಂದೇ ತಳಿ, ಒಂದೇ ಥರದ ಡಬ್ಬಿ, ಆದರೆ ಎರಡು ಬ್ಯಾಚು, ಎರಡು ಟ್ಯಾಗು. ಅವನ್ನು 'ಎ' ಮತ್ತು 'ಬಿ' ಅನ್ನೋಣ. ಹಳೆಯ 'ಎ' ಇನ್ನೂ ಖಾಲಿಯಾಗಿಲ್ಲ, ಹೊಸ 'ಬಿ' ಪೆಟ್ಟಿಗೆ ತೆರೆದು ಅದೇ ಸಾಲಿಗೆ ಜೋಡಿಸಿದರು. ಶುಕ್ರವಾರ ಸಂಜೆ, ಸಾಲು ಬಾಗಿಲವರೆಗೆ. ಕೌಂಟರ್ ಹುಡುಗಿ ಕೈಗೆ ಸಿಕ್ಕಿದ ಡಬ್ಬಿ ಕೊಟ್ಟಳು, ಪರದೆಯಲ್ಲಿ ಮೊದಲು ಕಂಡ 'ಎ' ಒತ್ತಿದಳು. ನಾಲ್ಕು ಸಲ ಹೀಗಾಯಿತು. ರಾತ್ರಿ ಎಣಿಸಿದರೆ: 'ಎ' ಪುಸ್ತಕದಲ್ಲಿ 3, ಕೈಯಲ್ಲಿ 7. 'ಬಿ' ಪುಸ್ತಕದಲ್ಲಿ 31, ಕೈಯಲ್ಲಿ 27. ಒಟ್ಟು ಎರಡೂ ಕಡೆ 34.

ಒಟ್ಟು ಸರಿ ಇದೆಯಲ್ಲ ಅಂತ ಬಿಟ್ಟುಬಿಡುವವರು ಇದ್ದಾರೆ. ಬಿಡಬಾರದು. ನಾಳೆ 'ಬಿ' ಬ್ಯಾಚಿನಲ್ಲಿ ಕೀಟನಾಶಕ ಸಿಕ್ಕಿತು, ವಾಪಸ್ ತರಿಸಿ ಅಂತ ಆದೇಶ ಬಂತು ಅನ್ನಿ. ಆ ನಾಲ್ಕು ಜನ 'ಎ' ಒಯ್ದಿದ್ದಾರೆ ಅಂತ ನಿಮ್ಮ ಪುಸ್ತಕ ಹೇಳುತ್ತದೆ. ಅವರ ಮನೆಯಲ್ಲಿರುವ ಡಬ್ಬಿ ವಾಪಸ್ ಬರುವುದೇ ಇಲ್ಲ. ಇಷ್ಟು ಪಾಡುಪಟ್ಟು ಇಡುವ ಲೆಕ್ಕ ಕೊನೆಗೆ ಕಾಯುವುದು ಆ ನಾಲ್ಕು ಜನರನ್ನು.

ಪರಿಹಾರ ಸುಲಭ. ಒಂದು ಮಾಲಿಗೆ ಒಂದು ಹೊತ್ತಿಗೆ ಒಂದೇ ಟ್ಯಾಗ್ ಕೌಂಟರಿನಲ್ಲಿರಲಿ. ಹಳೆಯದು ಪೂರ್ತಿ ಮುಗಿಯದೆ ಹೊಸ ಪೆಟ್ಟಿಗೆ ಒಳಗಿನ ಗೋದಾಮಿನಿಂದ ಹೊರಗೆ ಬರಬಾರದು. ಪರದೆಯಿಂದ ಆರಿಸುವ ಬದಲು ಡಬ್ಬಿಯ ಬಾರ್‌ಕೋಡ್ ಸ್ಕ್ಯಾನ್ ಮಾಡಲಿ. ತಪ್ಪು ಸಿಕ್ಕಿದಾಗ ಎರಡೂ ಟ್ಯಾಗಿನ ಅಂಕಿಯನ್ನು ತಿದ್ದಿ ಸರಿಹೊಂದಿಸಬೇಡಿ. ಆ ನಾಲ್ಕು ಬಿಲ್ ಹುಡುಕಿ, ರದ್ದು ಮಾಡಿ, ಸರಿಯಾದ ಟ್ಯಾಗಿನಲ್ಲಿ ಮತ್ತೆ ಹಾಕಿ. ಗಿರಾಕಿ ವಾಪಸ್ ತಂದ ಮಾಲು ಮತ್ತೆ ಮಾರಾಟಕ್ಕೆ ಬರುವಂತಿಲ್ಲ. ಅದಕ್ಕೆ ಬೇರೆ ಡಬ್ಬ, ಬೇರೆ ಲೆಕ್ಕ.

ಎಣಿಕೆ ಮತ್ತು ವ್ಯತ್ಯಾಸ

ಕೈಯಲ್ಲಿರುವ ಮಾಲು, ಪುಸ್ತಕದ ಮಾಲು ಎರಡನ್ನೂ ಕನಿಷ್ಠ 30 ದಿನಕ್ಕೊಮ್ಮೆ ಹೊಂದಿಸಿ ನೋಡಬೇಕು ಅನ್ನುತ್ತದೆ ನಿಯಮ. ನನ್ನ ಅನುಭವದಲ್ಲಿ 30 ದಿನ ತುಂಬಾ ದೂರ. ಅಷ್ಟರಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ. ದಿನಕ್ಕೊಂದು ಕಪಾಟು ಎಣಿಸಿ, ವಾರದಲ್ಲಿ ಇಡೀ ಅಂಗಡಿ ಮುಗಿಯುತ್ತದೆ. ಎಣಿಸುವವರಿಗೆ ಪುಸ್ತಕದ ಅಂಕಿ ತೋರಿಸಬೇಡಿ. 34 ಇರಬೇಕು ಅಂತ ಗೊತ್ತಿದ್ದವರು 34 ಎಣಿಸಿಬಿಡುತ್ತಾರೆ. ಅದು ಮೋಸ ಅಲ್ಲ, ಕಣ್ಣಿನ ಸ್ವಭಾವ.

ವ್ಯತ್ಯಾಸ ಕಂಡರೆ ಈ ಕ್ರಮದಲ್ಲಿ ಹುಡುಕಿ: ಮತ್ತೊಬ್ಬರಿಂದ ಮರುಎಣಿಕೆ, ಪಕ್ಕದ ಟ್ಯಾಗ್, ಇವತ್ತಿನ ಬಿಲ್ಲುಗಳು, ಕೊನೆಯ ಮ್ಯಾನಿಫೆಸ್ಟ್, ಆಮೇಲೆ ಕ್ಯಾಮೆರಾ. ಕ್ಯಾಮೆರಾ ದೃಶ್ಯ 90 ದಿನ ಇಡಬೇಕು, ಕಾಗದಪತ್ರ 7 ವರ್ಷ. ಕಾರಣ ಸಿಕ್ಕಿದ ಮೇಲೆ ಮಾತ್ರ ಅಂಕಿ ತಿದ್ದಿ. ತಂತ್ರಾಂಶ ಕಾರಣದ ಪಟ್ಟಿ ಕೊಡುತ್ತದೆ. ಎಲ್ಲದಕ್ಕೂ 'ಎಂಟ್ರಿ ತಪ್ಪು' ಅಂತ ಒತ್ತುವುದು ಸುಲಭ, ಆದರೆ ಅದೇ ಕಾರಣ ಇಪ್ಪತ್ತು ಸಲ ಕಂಡರೆ ತಪಾಸಣೆಯವರು ಅಲ್ಲೇ ಕೂರುತ್ತಾರೆ. ಕಳ್ಳತನ ಅಂತ ಗೊತ್ತಾದರೆ 24 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು.

ನೆಟ್ ಹೋದರೆ ಕಾಗದದಲ್ಲಿ ಬರೆಯುತ್ತಾ ಹೋಗಿ. ಸಂಪರ್ಕ ವಾಪಸ್ ಬಂದ ಮೂರು ದಿನದೊಳಗೆ ಎಲ್ಲವನ್ನೂ ತಂತ್ರಾಂಶಕ್ಕೆ ಏರಿಸಬೇಕು. ಅಷ್ಟು ಹೊತ್ತು ಮಾಲು ಹೊರಗೆ ಕಳಿಸುವಂತಿಲ್ಲ, ಒಳಗೆ ತೆಗೆದುಕೊಳ್ಳುವಂತಿಲ್ಲ.

ಹಿಂದಕ್ಕೆ ನಡೆದು ನೋಡುವುದು

ನಿಮ್ಮ ಲೆಕ್ಕ ಗಟ್ಟಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ತಿಂಗಳಿಗೊಮ್ಮೆ ಇದನ್ನು ಮಾಡಿ. ಕಪಾಟಿನಿಂದ ಕಣ್ಣುಮುಚ್ಚಿ ಒಂದು ಡಬ್ಬಿ ತೆಗೆಯಿರಿ. ಲೇಬಲ್ ಮೇಲಿನ ಅಂಕಿ ಓದಿ. ಪೆಟ್ಟಿಗೆಯ ಟ್ಯಾಗ್ ಬೇರೆ ಇರಬಹುದು, ಅದು ಯಾರ ಮಗು ಅಂತ ನೋಡಿ. ಅಲ್ಲಿಂದ ಲ್ಯಾಬ್ ವರದಿಗೆ, ಮ್ಯಾನಿಫೆಸ್ಟಿಗೆ, ಕೊಯ್ಲಿನ ಬ್ಯಾಚಿಗೆ. ತೋಟವೂ ನಿಮ್ಮದೇ ಆಗಿದ್ದರೆ ಇನ್ನೂ ಹಿಂದಕ್ಕೆ ಹೋಗಿ: ಆ ದಿನ ತೂಗಿದ ಗಿಡಗಳ ಪಟ್ಟಿ, ತಕ್ಕಡಿ ಪರೀಕ್ಷಿಸಿದವರ ಸಹಿ, ಕಡ್ಡಿ ನೆಟ್ಟ ಲಾಟ್. ಗಡಿಯಾರ ನೋಡಿಕೊಂಡು ಮಾಡಿ. ನಮಗೆ ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು, ಒಂದು ಮ್ಯಾನಿಫೆಸ್ಟ್ ಸಿಕ್ಕಲೇ ಇಲ್ಲ. ಈಗ ಹದಿನೈದು ನಿಮಿಷದಲ್ಲಿ ಡಬ್ಬಿಯಿಂದ ಹಿಡಿದು ಸಸಿಯ ತಟ್ಟೆಗೆ ಅಂಟಿಸಿದ ಪೆನ್ಸಿಲ್ ಗೀಟಿನ ಚೀಟಿಯವರೆಗೆ ಎಲ್ಲವೂ ಮೇಜಿನ ಮೇಲೆ ಬರುತ್ತದೆ.